ನದಿಯ ಹಾಡಿಗೆ ಎರಡು ಅರ್ಥ

ಕೆಂಪರಾಜುವಿಗೆ ಹಾಡಿನ ಒಳಾರ್ಥ ಬಿಡಿಸುವ ಹುಚ್ಚು ಹತ್ತಿದ್ದು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿ ಸೇರಿದ ಹೊಸದರಲ್ಲಿ. ವರ್ಗವಾಗಿ ಹೊರಟಿದ್ದ ಎಂಜಿನಿಯರೊಬ್ಬರು ಹಳೇ ಟೇಪ್ ರೆಕಾರ್ಡರನ್ನೂ ಡಬ್ಬಿಯಿಲ್ಲದ ನಾಲ್ಕಾರು ಕ್ಯಾಸೆಟ್ಟುಗಳನ್ನೂ ಅವನ ಕೈಗಿಟ್ಟು ಹೋದರು. ಎಲ್ಲ ಇಂಗ್ಲಿಷ್ ರಾಕ್ ಹಾಡುಗಳು. ಹಾಡಿದವರು ಯಾರು, ಯಾವ ದೇಶದವರು, ಒಂದೂ ಗೊತ್ತಿಲ್ಲ. ಗಿಟಾರಿನ ಆರ್ಭಟದ ನಡುವೆ ಕಿವಿಗೆ ಸಿಕ್ಕಿದ ಮಾತು ಹಿಡಿದು ಮಿಕ್ಕಿದ್ದನ್ನು ಊಹಿಸಬೇಕು. ಮಳವಳ್ಳಿಯಲ್ಲಿ ಬಿ.ಎ. ಓದಿದ್ದ ಕೆಂಪರಾಜುವಿಗೆ ಅದೇ ರುಚಿಸಿತು.

ಅವನ ಜೊತೆಗೇ ಕೆಲಸಕ್ಕಿದ್ದ ಮಹದೇವು ಬೆಳಕವಾಡಿಯಲ್ಲಿದ್ದ ಕೆಂಪರಾಜುವಿನ ಮನೆಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಅವನಿಗೆ ಒಂದೇ ಹಾಡು ಬೇಕು. ಅದರಲ್ಲಿ ಒಬ್ಬ ಗಂಟಲು ಹರಿಯುವಂತೆ ‘ರಿವರ್, ಕಮ್ ಬ್ಯಾಕ್ ಹೋಮ್’ ಎಂದು ಕೂಗುತ್ತಿದ್ದ. ನದಿಯೇ, ಮನೆಗೆ ಬಾ.

‘ಕರೆಂಟು ಕೊಟ್ಟು ತಮಿಳುನಾಡ್ಗೋದ ನೀರು ಕಣ್ಲಾ ಅದು. ನಮ್ಮಂಗೆ ಪವರ್ ಹೌಸ್ನವ್ನೇ ಬರ್ದಿರ್ಬೇಕು’ ಎನ್ನುತ್ತಿದ್ದ ಕೆಂಪರಾಜು.

‘ನೀರ್ನ ಯಾವನ್ಲಾ ಇಂಗೆ ಕರೀತಾನೆ? ನದಿ ಅಂದ್ರೆ ಎಣ್ಣು ಕಣ್ಲಾ. ದೂರ ಓಗವ್ಳೆ, ಇವ್ನು ಕಾಯ್ತಾವ್ನೆ.’

ವಾದ ಏರಿ ಒಮ್ಮೊಮ್ಮೆ ಮಾತು ಬಿಡುವವರೆಗೂ ಹೋಗುತ್ತಿತ್ತು. ಆದರೂ ಶನಿವಾರ ಬಂತೆಂದರೆ ಮಹದೇವು ಜಗಲಿಯಲ್ಲಿ ಹಾಜರ್.

ಕೆಂಪರಾಜುವಿನ ತಂಗಿ ಅರುಂಧತಿ ಆಗ ಮಂಡ್ಯದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಓದುತ್ತಿದ್ದಳು. ಊರಿಗೆ ಬರುವುದು ಶನಿವಾರವೇ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೇಳಿದಳು: ‘ಅಣ್ಣ, ಅವ್ರಿಗೆ ಈ ಆಡು ಸನಿವಾರವೇ ಯಾಕೆ ಬೇಕು?’

‘ಅವತ್ತು ಡ್ಯೂಟಿ ಇರಲ್ಲ ಅವ್ನಿಗೆ.’

‘ಇರ್ತದೆ. ಬದ್ಲಾಯ್ಸ್ಕೊಂಡು ಬತ್ತಾರೆ.’ ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. ‘ಆಡಿಗೆ ಅಷ್ಟೊಂದು ಅರ್ಥ ಏಳ್ತೀಯ, ಪಕ್ಕದಲ್ಲಿ ಕುಂತಿರೋ ಸ್ನೇಹಿತ ಅರ್ಥ ಆಗ್ನಿಲ್ವಾ ನಿಂಗೆ?’

ಕೆಂಪರಾಜು ಪೆಚ್ಚಾದ. ಡ್ಯೂಟಿಯ ವಿಚಾರ ಇವಳಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದಾಗ ಮಿಕ್ಕಿದ್ದೂ ಹೊಳೆಯಿತು. ಮೊದಲು ಸಿಟ್ಟು ಬಂತು, ಆಮೇಲೆ ನಗು. ಮರುದಿನ ತಾನೇ ಅಪ್ಪ ಪುಟ್ಟಮಾದಯ್ಯನ ಮುಂದೆ ಇಬ್ಬರ ಮದುವೆಯ ಮಾತು ತೆಗೆದ.

ಬುದ್ಧನ ಪಟದ ಮುಂದೆ ಮದುವೆಯಾಯಿತು. ಊಟದ ಹೊತ್ತಿಗೆ ಮದುಮಗ ಹಟ ಹಿಡಿದು ಮೈಕಿನಲ್ಲಿ ಅದೇ ಹಾಡು ಹಾಕಿಸಿದ. ‘ಯಾವನ್ಲಾ ಅವ್ನು, ಮದ್ವೆ ಮನೇಲಿ ಇಂಗೆ ಬಡ್ಕೊಳ್ಳೋನು?’ ಎಂದು ಪುಟ್ಟಮಾದಯ್ಯ ಎಲೆ ಮುಂದಿಂದ ಎದ್ದೇ ಬಂದ.

ಭಾವಂದಿರಾದ ಮೇಲೂ ಜಗಳ ನಿಲ್ಲಲಿಲ್ಲ. ಕ್ಯಾಸೆಟ್ಟಿನ ಟೇಪು ಸುಕ್ಕಾಗಿ ಹಾಳಾಯಿತು, ಇಬ್ಬರೂ ನಿವೃತ್ತರಾದರು, ಆದರೂ ಒಬ್ಬ ನೀರು ಎಂದರೆ ಇನ್ನೊಬ್ಬ ಹೆಣ್ಣು ಎನ್ನುತ್ತಿದ್ದ. ಹೋದ ವರ್ಷ ಎದೆನೋವು ಬಂದು ಮಹದೇವು ತೀರಿಕೊಂಡ. ಅಲ್ಲಿಂದ ಕೆಂಪರಾಜುವಿಗೆ ವಾದಕ್ಕೆ ಜನವಿಲ್ಲ. ತಂಗಿಯ ಮನೆಗೆ ಹೋದರೂ ಸುಮ್ಮನೆ ಕೂತು ಕಾಫಿ ಕುಡಿದು ಬರುತ್ತಿದ್ದ.

ಮೊನ್ನೆ ಭಾನುವಾರ ಹಾಗೆ ಹೋಗಿದ್ದಾಗ ಅರುಂಧತಿಯ ಮಗಳು ಪ್ರಿಯಾಂಕ ಆ ಹಾಡನ್ನು ಹೇಗೋ ಮೊಬೈಲಿನಲ್ಲಿ ಹುಡುಕಿದಳು. ಸಾಹಿತ್ಯವೂ ಸಿಕ್ಕಿತು. ಓದುತ್ತಾ ಓದುತ್ತಾ ಅವಳ ಮುಖ ಒಂಥರಾ ಆಯಿತು.

‘ಮಾವ, ಇದು ರಿವರ್ ಅಲ್ಲ. ರೋವರ್.’

‘ಅಂಗಂದ್ರೆ?’

‘ನಾಯಿ ಹೆಸ್ರು. ಕಳ್ದೋಗಿರೋ ನಾಯೀನ ಕರೀತಾವ್ನೆ.’

ಅರುಂಧತಿ ನಗಲು ಶುರುವಿಟ್ಟಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ‘ಅಯ್ಯೋ, ನಾಯಿ ಕರ್ಯೋ ಆಡ ಕೇಳುಸ್ಕೊಂಡು ನನ್ನ ಮದ್ವೆಯಾದ್ರಲ್ಲಣ್ಣ!’ ನಗುತ್ತಲೇ ಕಣ್ಣೀರು ಹರಿಯಿತು. ಸೆರಗಿನಿಂದ ಒರೆಸಿಕೊಂಡಷ್ಟೂ ಹರಿಯಿತು.

ಕೆಂಪರಾಜು ಬಗ್ಗಿ ಮೊಬೈಲು ನೋಡಿ, ‘ನಾಯಿ ಅಂದ್ರೂ ಅದ್ಕೊಂದು ಒಳಾರ್ಥ ಇರ್ತದೆ ಕಣಮ್ಮ’ ಎಂದ.

‘ಬುಡಣ್ಣ ಅರ್ಥವ’ ಎಂದಳು ಅರುಂಧತಿ. ‘ಮಗ, ಇನ್ನೊಂದ್ಸಲ ಆಕು. ಸೌಂಡ್ ಜೋರಾಗಿ ಕೊಡು.’