ನಾಲ್ಕು ಸೆಕೆಂಡಿನ ಮೌನ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಆಕೆಯ ಕೆಲಸ. ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಮಷಿನ್ನಿನ ಕಿರ್ರೆನ್ನುವ ಸದ್ದಿನ ಜೊತೆಗೆ ಹಾಡಿಲ್ಲದಿದ್ದರೆ ಆಕೆಗೆ ಕೈ ಓಡುತ್ತಿರಲಿಲ್ಲ. ಅಲ್ಲಿದ್ದ ಕಂಪ್ಯೂಟರ್ ಮಾತ್ರ ತೀರಾ ಹಳೆಯದು. ವಿಂಡೋಸ್ ತೆಗೆದು, ಹಳೆಯ ಯಂತ್ರಕ್ಕೂ ಹಗುರಾದ ಲಿನಕ್ಸ್ ಹಾಕಿ ಅದರ ಜೀವ ಉಳಿಸಿದ್ದಳು. ಆದರೂ ಬ್ರೌಸರ್‌ನಲ್ಲಿ ಹಾಡು ಹಾಕಿದರೆ ಏದುಸಿರು ಬಿಡುತ್ತಿತ್ತು. ಲಿನಕ್ಸಿಗೆಂದೇ ಒಂದು ಆ್ಯಪ್ ಕೊಡಿ ಎಂದು ಹಾಡಿನ ಕಂಪನಿಗೆ ಬರೆದಳು. ಮೂರು ವರ್ಷದಲ್ಲಿ ಹನ್ನೊಂದು ಸಲ 'ನಿಮ್ಮ ಸಲಹೆ ಅಮೂಲ್ಯ' ಎಂಬ ಉತ್ತರ ಬಂತು. ಕೊನೆಗೆ ತಾನೇ ಪುಸ್ತಕ ಓದಿ, ಆ್ಯಪ್ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದಳು.

ಇನ್ನೂರ ಹದಿನಾಲ್ಕು ಜನ ಬಳಸತೊಡಗಿದರು. ಕೊರತೆ ಒಂದೇ: ಹಾಡು ಮುಗಿದ ಮೇಲಷ್ಟೇ ಆ್ಯಪ್ ಮುಂದಿನ ಹಾಡು ತರಲು ಹೊರಡುತ್ತಿತ್ತು. ನಡುವೆ ನಾಲ್ಕು ಸೆಕೆಂಡು ಮೌನ. ಆಕೆಗೆ ಅದು ಗಾಜಿನ ಮೇಲಿನ ಗೀರಿನಂತೆ ಕಾಣುತ್ತಿತ್ತು. ಎರಡು ವರ್ಷ ಸಹಿಸಿಕೊಂಡು, ಕೊನೆಗೆ ಎರಡು ದಿನ ರಜೆ ಹಾಕಿ, ಮುಂದಿನ ಹಾಡನ್ನು ಮೊದಲೇ ತಂದಿಟ್ಟುಕೊಳ್ಳುವಂತೆ ತಿದ್ದಿದಳು.

ಮೊದಲ ತಕರಾರು ಮನೆಯಿಂದಲೇ ಬಂತು. ಅಲ್ಲಿನ ಕಂಪ್ಯೂಟರಿನಲ್ಲೂ ಅದೇ ಆ್ಯಪ್ ಹಾಡುತ್ತಿತ್ತು.

"ಏನಮ್ಮ ಮಾಡಿಟ್ಟೆ ಇದಕ್ಕೆ?" ಎಂದರು ಅತ್ತೆ.

"ಸರಿ ಮಾಡಿದೆ ಅತ್ತೆ. ಈಗ ನಡುವೆ ನಿಲ್ಲಲ್ಲ."

"ನಿಲ್ಲದೇ ಇದ್ರೆ ನಿಮ್ಮಾವನ ಹತ್ರ ನಾನು ಮಾತಾಡೋದು ಯಾವಾಗ? ಹಾಡು ನಡೀವಾಗ ಅವರು ತುಟಿ ಬಿಚ್ಚಲ್ಲ. ಹಾಡು ಮುಗಿದಾಗ ನಂದೊಂದು ಮಾತು, ಅವರದ್ದೊಂದು ಮಾತು. ಎರಡು ವರ್ಷದಿಂದ ಜಗಳಾನೇ ಇಲ್ಲ."

"ಆಫ್ ಮಾಡಿ ಮಾತಾಡಬಹುದಲ್ಲ?"

"ಇವತ್ತು ಹಾಗೇ ಮಾಡಿದ್ವಿ. ಒಂದು ಗಂಟೆ ಮಾತಾಡಿದ್ವಿ. ಈಗ ಊಟ ಬೇಡ ಅಂತ ಕೂತಿದ್ದಾರೆ."

ಮರುದಿನ ಹಲ್ಲಿನ ಡಾಕ್ಟರು ಅಂಗಡಿಗೇ ಬಂದರು. ಅವರ ಕನ್ನಡಕವನ್ನು ಉಜ್ಜಿದವಳೂ ಗಾಜಕ್ಕ, ಕ್ಲಿನಿಕ್ಕಿಗೆ ಆ್ಯಪ್ ಹಾಕಿಕೊಟ್ಟವಳೂ ಗಾಜಕ್ಕ.

"ಹಾಡು ನಿಂತ ಕೂಡಲೇ ಪೇಷಂಟುಗಳು ತಾವಾಗೇ ಬಾಯಿ ಮುಕ್ಕಳಿಸೋರು," ಎಂದರು ಅವರು. "ನಾನು ಬಾಯಿಬಿಟ್ಟು ಹೇಳ್ಬೇಕಾಗೇ ಇರಲಿಲ್ಲ. ಈಗ ಬಾಯಿ ತೆಕ್ಕೊಂಡೇ ಕೂತಿದ್ದಾರೆ."

"ಎಷ್ಟು ಜನ?"

"ಮೂವರು. ಒಬ್ಬರು ಮಂಗಳವಾರದಿಂದ."

ಗಾಜಕ್ಕ ಅಂದೇ ಸಂಜೆ ನಾಲ್ಕು ಸೆಕೆಂಡು ಮೌನವನ್ನು ಮತ್ತೆ ಸೇರಿಸಿದಳು. ಜನ ಒಪ್ಪಲಿಲ್ಲ. ಈ ಮೌನ ತೆಳುವಾಗಿದೆ ಎಂದು ಒಬ್ಬರು ಬರೆದರು. ಇದರಲ್ಲಿ ಮನಸ್ಸಿಲ್ಲ, ಕಾಟಾಚಾರಕ್ಕೆ ಸುಮ್ಮನಿದ್ದಂತಿದೆ ಎಂದರು ಇನ್ನೊಬ್ಬರು. ಡಾಕ್ಟರ ಪೇಷಂಟುಗಳು ಬಾಯಿಗೆ ನೀರು ಹಾಕಿಕೊಂಡರೂ ಉಗುಳಲಿಲ್ಲವಂತೆ.

ಆಕೆಗೆ ತಲೆ ಕೆಟ್ಟುಹೋಯಿತು. ಊಟದ ಹೊತ್ತಿನಲ್ಲಿ ಮಷಿನ್ ನಿಲ್ಲಿಸಿ, ಹಳೆಯ ಆ್ಯಪನ್ನೂ ಹೊಸದನ್ನೂ ಸರದಿಯಂತೆ ಹಾಕಿ, ಕಂಪ್ಯೂಟರಿನ ಡಬ್ಬಕ್ಕೆ ಕಿವಿಗೊಟ್ಟು ಕೂತಳು. ಆಗ ಗುಟ್ಟು ತಿಳಿಯಿತು. ಹಳೆಯ ಮೌನದಲ್ಲಿ ಕಂಪ್ಯೂಟರ್ ಹಾಡು ತರಲು ಒದ್ದಾಡುತ್ತಿತ್ತು. ಒಳಗಿನ ಫ್ಯಾನು ಗುರ್ ಎನ್ನುತ್ತಿತ್ತು. ಹೊಸ ಮೌನದಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಸುಮ್ಮನೆ ಕೂತಿರುತ್ತಿತ್ತು.

ಪರಿಹಾರ ಸುಲಭವಾಗಿತ್ತು. ಪ್ರತಿ ಮೌನದಲ್ಲೂ ಆ್ಯಪ್ ಒಂದು ಭಾರೀ ಭಾಗಾಕಾರ ಮಾಡಿ, ಉತ್ತರವನ್ನು ಎಸೆದುಬಿಡುವಂತೆ ಬರೆದಳು. ಫ್ಯಾನುಗಳು ಮತ್ತೆ ಗುರ್ ಎಂದವು. ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂವರೂ ಒಟ್ಟಿಗೆ ಉಗುಳಿದರು. ಮಾವ ಊಟಕ್ಕೆ ಎದ್ದರು.

ಈಗ ಬಳಸುವವರು ಆರುನೂರು ದಾಟಿದ್ದಾರೆ. ಅವರಲ್ಲಿ ನೂರಾರು ಜನ ಹಾಡುಗಳನ್ನು ಹಾರಿಸುತ್ತ ಹಾರಿಸುತ್ತ ಮೌನವನ್ನಷ್ಟೇ ಕೇಳುತ್ತಾರೆಂದು ತಿಳಿದಾಗ ಗಾಜಕ್ಕನಿಗೆ ಒಂದು ವಾರ ಮನಸ್ಸು ಕಸಿವಿಸಿಯಾಯಿತು. ಹಾಡಿಗಾಗಿ ಅಷ್ಟು ಪಾಡುಪಟ್ಟವಳು. ಆಮೇಲೆ ಅವರಿಗೆಂದೇ ಹಾಡಿಲ್ಲದ ಆ್ಯಪೊಂದನ್ನು ಬರೆದುಕೊಟ್ಟಳು. ಅದು ಇಂಟರ್ನೆಟ್ ಇಲ್ಲದೆಯೂ ಚೆನ್ನಾಗಿ ನಡೆಯುತ್ತದೆ.