ಕೆಟ್ಟ ಹೊಲಿಗೆ ಇಡುವ ಮೇಜು

ಚೀಲದ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಅತ್ತಿಗೆ. ನಾದಿನಿಯನ್ನು ಅಲ್ಲಿಗೆ ಕೆಲಸಕ್ಕೆ ಕರೆತಂದು, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲ ಕಲಿಸಿದವಳು. ನಾದಿನಿ ಕರೆದದ್ದನ್ನೇ ಉಳಿದವರೂ ಕರೆದರು.

ಅಲ್ಲೊಂದು ರೂಢಿಯಿತ್ತು, ಅದೂ ಅತ್ತಿಗೆಯೇ ಹುಟ್ಟುಹಾಕಿದ್ದು. ಅಂದು ಯಾರ ಕೈಯಲ್ಲಿ ಹೊಲಿಗೆ ಕೆಟ್ಟಿತೋ ಅವರು ಚಹಾದ ಹೊತ್ತಿಗೆ ಅದನ್ನು ಮೇಜಿನ ಮೇಲಿಟ್ಟು, ಹೇಗೆ ಕೆಟ್ಟಿತೆಂದು ಹೇಳಬೇಕು. ಮೊದಮೊದಲು ಯಾರು ಬಾಯಿಬಿಟ್ಟಾರು? ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳಲು ಯಾರಿಗೆ ಬೇಕಾಗಿತ್ತು? "ಇಡ್ರಪ್ಪಾ, ನಾನಿದ್ದೀನಿ. ಇದು ನಮ್ಮನಮ್ಮಲ್ಲೇ ಇರುತ್ತೆ," ಎಂದು ಅತ್ತಿಗೆ ತನ್ನದನ್ನೇ ಮೊದಲು ಇಟ್ಟಳು. ಆಮೇಲೆ ಎದುರು ಮಿಷನ್ನಿನ ಬಾಯಿಬಡುಕನಂತೂ ದಿನಾ ಒಂದು ತರುತ್ತಿದ್ದ. ಒಮ್ಮೆ ಚೀಲದ ಪಟ್ಟಿಯನ್ನು ತಿರುಚಿ ಹೊಲಿದುಬಿಟ್ಟಿದ್ದ. ಎಲ್ಲರೂ ನಕ್ಕರು, ಎಳೆದು ನೋಡಿದರೆ ಕಿತ್ತುಬರಲೊಲ್ಲದು! ಒಬ್ಬಳು ಮಡಿಕೆ ಸೇರಿಸಿದಳು, ಇನ್ನೊಬ್ಬ ಹೊಲಿಗೆ ಬದಲಿಸಿದ. ಎಷ್ಟು ತುಂಬಿದರೂ ಹರಿಯದ ಚೀಲ ಹುಟ್ಟಿತು, ಅಂಗಡಿಗಳು ಅದನ್ನೇ ಕೇಳತೊಡಗಿದವು.

ನಾದಿನಿ ಮೇಲ್ವಿಚಾರಕಿಯಾದಳು. ಅತ್ತಿಗೆಗೆ ಹೊಟ್ಟೆಕಿಚ್ಚಿಲ್ಲ, ಕಂಡಕಂಡವರಿಗೆಲ್ಲ ಹೇಳಿಕೊಂಡು ಮೆರೆದಳು. ಆಮೇಲೆ ಹೊಸ ಯಂತ್ರ ಬಂತು. ಆಳು ಕಡಿಮೆ ಮಾಡಬೇಕು, ಯಾರು ಬೇಡ ಹೇಳು ಎಂದರು ಯಜಮಾನರು. ಮೇಜಿನ ಮೇಲೆ ಕೆಟ್ಟ ಹೊಲಿಗೆ ಹೆಚ್ಚು ಇಟ್ಟವರನ್ನೇ ನಾದಿನಿ ಆರಿಸಿ ಹೇಳಿದಳು. ಬಾಯಿಬಡುಕನ ಹೆಸರು ಮೊದಲು.

ಕತ್ತರಿ ಎತ್ತಿಕೊಂಡು ಹೊರಟಾಗ ಅವನು ಜಗಳವನ್ನೂ ಆಡಲಿಲ್ಲ. "ನೀವು ಇಡು ಅಂದ್ರಿ, ಇಟ್ಟೆ. ಬಚ್ಚಿಟ್ಕೊಂಡೋರು ಉಳ್ಕೊಂಡ್ರು ನೋಡಿ ಅತ್ತಿಗೆ," ಎಂದ.

ಮನೆಗೆ ಬಂದವಳೇ ಅತ್ತಿಗೆ ನಾದಿನಿಯನ್ನು ಕೇಳಿದಳು: "ಏನೇ, ಉಂಡ ಮನೆಗೆ ಎರಡು ಬಗೆದ್ಯಲ್ಲೇ."

"ನಾನೇನು ಸುಳ್ಳು ಹೇಳಿದ್ನಾ? ಅವರೇ ತೋರಿಸಿದ್ದು ತಾನೆ?" ಎಂದಳು ನಾದಿನಿ, ತಟ್ಟೆಯಿಂದ ತಲೆಯೆತ್ತದೆ. ಸುಳ್ಳಲ್ಲ, ನಿಜವೇ. ಹಾಳಾದ್ದು ಅದೇ ನೋಡಿ.

ಮರುದಿನದಿಂದ ಚಹಾದ ಮೇಜು ಖಾಲಿ. ಯಾರ ಕೈಯಲ್ಲೂ ಏನೂ ಕೆಡುವುದಿಲ್ಲವಂತೆ, ಎಂಥ ಪವಾಡ! ಹೊಸ ಯಂತ್ರದಲ್ಲಿ ಹೊಲಿದ ಚೀಲಗಳು ಮಾತ್ರ ಅಂಗಡಿಗಳಿಂದ ಗಂಟುಗಂಟಾಗಿ ವಾಪಸು ಬಂದವು, ಪಟ್ಟಿ ಕಿತ್ತುಬರುತ್ತಿತ್ತು. ನಾದಿನಿ ಓಡಿಬಂದಳು. "ಎಲ್ಲಿ ತಪ್ಪಾಗ್ತಿದೆ, ಯಾರಿಗಾದ್ರೂ ಗೊತ್ತಾ?"

ಎಲ್ಲರೂ ಲೋಟದೊಳಗೆ ನೋಡಿದರು. ಮೂಲೆಯಲ್ಲಿ ತಿರುಗುವಾಗ ಯಂತ್ರ ದಾರವನ್ನು ತೀರಾ ಬಿಗಿಯಾಗಿ ಎಳೆಯುತ್ತಿತ್ತು. ಅತ್ತಿಗೆಗೆ ಅದು ಗೊತ್ತಿತ್ತು. ಬೆಳಿಗ್ಗೆ ಅವಳ ಕೈಯಲ್ಲೇ ಒಂದು ಪಟ್ಟಿ ಹಾಗೆ ಕೆಟ್ಟಿತ್ತು, ಈಗಲೂ ಜೇಬಿನಲ್ಲಿತ್ತು.

"ಅತ್ತಿಗೆ, ನೀವಾದ್ರೂ ಹೇಳಿ. ನನ್ನ ಕೆಲಸಾನೇ ಹೋಗುತ್ತೆ."

ಅತ್ತಿಗೆ ಜೇಬಿನ ಮೇಲೆ ಕೈಯಿಟ್ಟುಕೊಂಡಳು.

"ನಂದೇನೂ ಕೆಟ್ಟಿಲ್ಲ ಮೇಡಂ," ಎಂದಳು.