ಸ್ಟೋರ್‌ಕೀಪರ್ ವೀಸಾದಲ್ಲಿ ಬಂದ ವಿಕೆಟ್‌ಕೀಪರ್

ಮೊದಲ ಚೆಂಡಿಗೆ ಎಡಕ್ಕೆ ಹಾರಿ ಬಿದ್ದಾಗ ಬಾಯಿ ತುಂಬ ಮರಳು. ಎದ್ದು, ಉಗುಳಿ, ಸುತ್ತ ನೋಡಿದೆ. ಮೈದಾನದಲ್ಲಿ ಒಂದು ಎಸಳು ಹುಲ್ಲಿಲ್ಲ. ನಡುವೆ ಸಿಮೆಂಟಿನ ಪಿಚ್, ಅದರ ಮೇಲೊಂದು ಹಸಿರು ಚಾಪೆ. ಉಳಿದದ್ದೆಲ್ಲ ರೋಲರ್ ಓಡಿಸಿ ಗಟ್ಟಿ ಮಾಡಿದ ಮರಳು. ಅದರಾಚೆ ದುಬೈಯ ಜೆಬೆಲ್ ಅಲಿ ಬಂದರಿನ ಕಂಟೇನರುಗಳು ಗುಡ್ಡದ ಹಾಗೆ ನಿಂತಿದ್ದವು. ಬೆಳಿಗ್ಗೆ ಆರೂವರೆಗೇ ನೆಲ ಸುಡುತ್ತಿತ್ತು. ಮೊಣಕೈಯ ಚರ್ಮ ಕಿತ್ತು ಬಂದಿತ್ತು.

"ಇಲ್ಲಿ ಹಾರ್ಲಿಕ್ಕಿಲ್ಲ ಮಾರಾಯ," ಸ್ಲಿಪ್‌ನಲ್ಲಿ ನಿಂತಿದ್ದವರು ಹೇಳಿದರು. "ಮೊದ್ಲು ಕಾಲು ಹೋಗ್ಬೇಕು, ಮತ್ತೆ ಮೈ. ಇದು ಸ್ಯಾಂಡ್‌ಪೇಪರ್."

ಅವರು ಬಶೀರಾಕ. ಹೆಸರು ಬಶೀರ್, ಮಂಗಳೂರು ಪಕ್ಕದ ಉಳ್ಳಾಲದ ಬ್ಯಾರಿ ಮುಸ್ಲಿಂ. ನಮ್ಮ ಕಡೆ ಹಿರಿಯ ಬ್ಯಾರಿಗಳನ್ನು ಹಾಗೆ 'ಆಕ' ಸೇರಿಸಿ ಕರೆಯುವುದು ವಾಡಿಕೆ. ನನ್ನನ್ನು ವಿಮಾನ ನಿಲ್ದಾಣದಿಂದ ಕರೆತಂದವರೂ ಅವರೇ, ಕಂಪನಿಯ ಕ್ವಾರ್ಟರ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಮಂಚ ಬಿಟ್ಟುಕೊಟ್ಟು ತಾವು ಬಾಗಿಲ ಬಳಿ ಮಲಗಿದವರೂ ಅವರೇ.

ನನ್ನ ಗುರುತಿನ ಚೀಟಿಯಲ್ಲಿ 'ಸ್ಟೋರ್‌ಕೀಪರ್' ಎಂದಿತ್ತು. ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ದೊಡ್ಡ ಕಂಪನಿಗಳಿಗೆ ತಮ್ಮದೇ ಕ್ರಿಕೆಟ್ ತಂಡಗಳಿವೆ. ಮಾಲೀಕರಿಗೆ ಅದು ಹೆಮ್ಮೆ, ಜಾಹೀರಾತು, ಎದುರಾಳಿ ವ್ಯಾಪಾರಿಯ ಮುಂದೆ ಮೀಸೆ ತಿರುವುವ ದಾರಿ. ಹಾಗಾಗಿ ಭಾರತ, ಪಾಕಿಸ್ತಾನ, ಶ್ರೀಲಂಕಾದಿಂದ ಆಟಗಾರರನ್ನು ಡ್ರೈವರ್, ಸ್ಟೋರ್‌ಕೀಪರ್, ಆಫೀಸ್ ಅಸಿಸ್ಟೆಂಟ್ ಎಂದು ತರಿಸಿಕೊಳ್ಳುತ್ತಾರೆ. ವಾರವಿಡೀ ಗೋದಾಮು, ಸಂಜೆ ನೆಟ್ಸ್, ವಾರಾಂತ್ಯಕ್ಕೆ ಪಂದ್ಯ. ನಮ್ಮೂರಿನಲ್ಲಿ ಕ್ಲಬ್ ಬದಲಿಸಿದರೆ ನಾಲ್ಕು ದಿನ ಮಾತು ಬಿಟ್ಟು, ಐದನೇ ದಿನ ಯಾರದೋ ಮದುವೆಯಲ್ಲಿ ಒಂದೇ ಮೇಜಿಗೆ ಕೂತು ಉಣ್ಣುತ್ತೇವೆ. ಇಲ್ಲಿ ತಂಡ ಬದಲಿಸುವುದೆಂದರೆ ವೀಸಾ ಬದಲಿಸುವುದು. ಮಂಚ, ಇನ್ಶೂರೆನ್ಸ್, ಬೆಳಿಗ್ಗೆ ಹತ್ತುವ ಬಸ್ಸು, ಎಲ್ಲವೂ ಬದಲಾಗುತ್ತದೆ.

ಬಶೀರಾಕ ಹನ್ನೊಂದು ವರ್ಷ ಆ ತಂಡದ ಕೀಪರ್ ಆಗಿದ್ದರು. ನಾನು ಬಂದ ವಾರವೇ ಗ್ಲೌಸ್ ನನ್ನ ಕೈಗೆ ಬಂತು. ಅವರ ಜಾಗ ಕಿತ್ತುಕೊಂಡೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ಮ್ಯಾನೇಜರ್ ಸೂರಿ ಸಾಹೇಬರು ನಕ್ಕುಬಿಟ್ಟರು: ನನ್ನ ಆಟದ ವಿಡಿಯೋಗಳನ್ನು ಕಂಪನಿಗೆ ತೋರಿಸಿ, ಈ ಹುಡುಗನೇ ಬೇಕು ಎಂದು ಹಟ ಹಿಡಿದದ್ದು ಬಶೀರಾಕನೇ ಅಂತೆ.

"ನೀವ್ಯಾಕೆ ಹಾಗೆ ಮಾಡಿದ್ದು?" ಕೇಳಿದೆ.

"ನಂಗೆ ಮೂವತ್ತೇಳು ಆಯ್ತು ವಿಲ್ಲಿ. ಕೂತ್ರೆ ಏಳ್ಲಿಕ್ಕೆ ಮೊಣಕಾಲು ಪರ್ಮಿಷನ್ ಕೊಡುದಿಲ್ಲ. ಯಾರಾದ್ರೂ ಬರ್ತಾರೆ ಅಂತಾದ್ರೆ ನಮ್ಮವನೇ ಬರ್ಲಿ."

ಅಂದಿನಿಂದ ಅವರು ಸ್ಕೋರ್ ಬರೆದರು, ನನಗೆ ಊರು ಕಲಿಸಿದರು. 'ಯಲ್ಲಾ' ಎಂದರೆ ಹೊರಡು, 'ಖಲಾಸ್' ಎಂದರೆ ಮುಗಿಯಿತು, 'ಮಾಫಿ' ಎಂದರೆ ಇಲ್ಲ. ಈ ಮೂರಿದ್ದರೆ ಇಲ್ಲಿ ಬದುಕಬಹುದು ಎಂದರು. ರಜೆಯ ದಿನ ಬರ್ ದುಬೈಗೆ ಕರೆದೊಯ್ದು, ಅಬ್ರಾ ಎಂಬ ಮರದ ದೋಣಿಯಲ್ಲಿ ಊರ ನಡುವಿನ ಕ್ರೀಕ್ ಎಂಬ ಕಡಲಕಾಲುವೆ ದಾಟಿಸಿದರು. ಮಂಗಳೂರಿನ ಕಡವಿನ ದೋಣಿಯಂತೆಯೇ ಅದೂ ಓಲಾಡಿತು. ಆದರೆ ನೀರಿಗೆ ನಮ್ಮ ಹೊಳೆಯ ವಾಸನೆಯಿರಲಿಲ್ಲ. ಡೀಸೆಲ್, ಅತ್ತರು ಬೆರೆತ ಇನ್ನೇನೋ ಇತ್ತು. ಖುಬೂಸ್ ಎಂಬ ಇಲ್ಲಿನ ರೊಟ್ಟಿಯನ್ನು ಬಂಗುಡೆ ಸಾರಿನಲ್ಲಿ ಅದ್ದಿ ತಿಂದರೆ ನೀರುದೋಸೆ ಮರೆಯಬಹುದು ಎಂದು ಅವರು ಹೇಳಿದ್ದು ಮಾತ್ರ ಸುಳ್ಳು.

ಮದುವೆಯಾದ ಎಂಟನೇ ತಿಂಗಳಿಗೆ ನಾನು ವಿಮಾನ ಹತ್ತಿದ್ದೆ. ಮಗಳು ಹುಟ್ಟಿದ್ದನ್ನು ಗೋದಾಮಿನ ರ‍್ಯಾಕುಗಳ ನಡುವೆ ನಿಂತು ಫೋನಿನಲ್ಲಿ ನೋಡಿದೆ. ಹೆಂಡತಿ ಲವೀನಾ ದಿನಾ ಮಗುವಿನ ಕೈ ಹಿಡಿದು ಪರದೆಗೆ ಟಾಟಾ ಮಾಡಿಸುತ್ತಿದ್ದಳು. ಒಂದು ದಿನ ಮಗು ಚಾರ್ಜಿಗಿಟ್ಟಿದ್ದ ಫೋನನ್ನು ತೋರಿಸಿ "ದಾದಾ", ಅಂದರೆ ಅಪ್ಪ, ಎಂದಳಂತೆ. ಲವೀನಾ ಇದನ್ನು ನಗುತ್ತಾ ಹೇಳಿದಳು.

ಎರಡನೇ ಸೀಸನ್ನಿನ ನಡುವೆ ಅಬುಧಾಬಿಯ ತಂಡವೊಂದರ ಕರೆ ಬಂತು. ಅಲ್ಲಿನ ಹಮ್ದಾನ್ ಸ್ಟ್ರೀಟಿನ ಒಂದು ಕೆಫೆಯಲ್ಲಿ ಭೇಟಿ. ಬಂದವರು ಸಂಬಳದ ಮಾತು ತೆಗೆಯುವ ಮೊದಲೇ ಕೇಳಿದರು, "ಫ್ಯಾಮಿಲಿ ಎಲ್ಲಿದೆ?" ಫ್ಯಾಮಿಲಿ ವೀಸಾ, ಎರಡು ಕೋಣೆಯ ಫ್ಲ್ಯಾಟ್. ಉಳಿದ ಷರತ್ತುಗಳು ನನ್ನ ಕಿವಿಗೆ ಬೀಳಲೇ ಇಲ್ಲ. ಅಲ್ಲೇ ಸಹಿ ಹಾಕಿದೆ. "ಪೇಪರ್ ಆಗುವ ತನಕ ಯಾರಿಗೂ ಹೇಳಬೇಡಿ, ನಿಮ್ಮ ಕಂಪನಿ ತಡೆಹಾಕಬಹುದು," ಎಂದರು.

ಮೂರನೆಯ ದಿನ ಗೋದಾಮಿನ ಪ್ಯಾಂಟ್ರಿಯಲ್ಲಿ ಬಶೀರಾಕ ಕಡಕ್ ಚಹಾದ ಎರಡು ಲೋಟ ಹಿಡಿದು ಬಂದರು.

"ವಿಲ್ಲಿ, ಒಂದು ವಿಷಯ ಕೇಳ್ಬೇಕು. ಸೂರಿಗೆ ಯಾರೋ ಹೇಳಿದಾರೆ, ನಿನ್ನನ್ನು ಅಬುಧಾಬಿಯವರು ಕರೀತಾ ಇದ್ದಾರೆ ಅಂತ. ಪುಣೆಯ ಒಬ್ಬ ಕೀಪರನ ಪೇಪರ್ ಅವ್ರ ಮೇಜಿನಲ್ಲಿ ಉಂಟು. ನೀನು ಹೋಗುದಾದ್ರೆ ಅವನನ್ನು ತರಿಸ್ತಾರೆ. ಹೋಗುದಾ?"

"ಇಲ್ಲ ಬಶೀರಾಕ. ನಾನೆಲ್ಲಿಗೆ ಹೋಗ್ಲಿ?"

"ನಿಜ ಹೇಳು. ಹೋಗುದಾದ್ರೆ ಹೋಗು, ನಂಗೆ ಬೇಜಾರಿಲ್ಲ. ನಂಗೆ ಗೊತ್ತಿರ್ಬೇಕು ಅಷ್ಟೆ."

"ದೇವರಾಣೆ ಇಲ್ಲ."

ಆಣೆಯನ್ನು ಅವರು ಕೇಳಿರಲಿಲ್ಲ. ನಾನಾಗಿಯೇ ಹಾಕಿದೆ. ಅವರ ಮುಖ ನಿರಾಳವಾದದ್ದನ್ನು ನೋಡಿ, ಚಹಾ ಕುಡಿದೆ.

ಅದೇ ದಿನ ಅವರು ಸೂರಿಯವರ ಬಳಿ ಹೋಗಿ ನನ್ನ ಪರವಾಗಿ ಮಾತು ಕೊಟ್ಟರಂತೆ. ಪುಣೆಯವನ ಪೇಪರ್ ವಾಪಸ್ಸಾಯಿತು. ಎರಡು ವಾರ ಕಳೆದು ನಾನು ರಾಜೀನಾಮೆ ಕೊಟ್ಟಾಗ ಸೂರಿ ಸಾಹೇಬರು ಬೈಯಲಿಲ್ಲ. ಕಾಗದ ನೋಡುತ್ತ ಹಿಂದಿಯಲ್ಲಿ, ಬಶೀರ್ ಮಾತು ಕೊಟ್ಟಿದ್ದ, ಎಂದರು ಅಷ್ಟೆ.

ಹೊರಡುವ ದಿನ ಬಶೀರಾಕ ನನ್ನ ದೊಡ್ಡ ಬ್ಯಾಗನ್ನು ಟ್ಯಾಕ್ಸಿಯವರೆಗೆ ಹೊತ್ತು ತಂದರು. ಡಿಕ್ಕಿ ಮುಚ್ಚುವಾಗ ಒಂದೇ ಮಾತು: "ಪಾಸ್‌ಪೋರ್ಟ್ ತಕ್ಕೊಂಡ್ಯಾ?"

ಅಬುಧಾಬಿಯ ಮೈದಾನದಲ್ಲಿ ಹುಲ್ಲಿತ್ತು. ಬರಿಗಾಲಿನಲ್ಲಿ ನಡೆದು ನೋಡಿದೆ. ಲವೀನಾ ಮತ್ತು ಮಗಳು ಬಂದರು. ಮಗಳು ಮೊದಲ ನಾಲ್ಕು ದಿನ ನನ್ನ ಹತ್ತಿರ ಬರಲಿಲ್ಲ. ಫೋನಿನೊಳಗಿದ್ದವನು ಹೀಗೆ ದೊಡ್ಡದಾಗಿ ಎದುರಿಗೆ ನಿಂತದ್ದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಐದನೇ ದಿನ ನನ್ನ ಹೆಲ್ಮೆಟ್ ತಲೆಗೆ ಹಾಕಿಕೊಂಡು ಬಂದು ಮಡಿಲಲ್ಲಿ ಕೂತಳು. ಮೀನು ಮಾರುಕಟ್ಟೆಯಲ್ಲಿ ನಮ್ಮೂರಿನ ಕಾಣೆ ಮೀನು ಸಿಕ್ಕ ದಿನ ಲವೀನಾ ಹಬ್ಬ ಮಾಡಿದಳು. ಇದೆಲ್ಲ ಸುಖವೇ. ಆದರೆ ಸುಖದ ಪ್ರತಿ ತುತ್ತಿನಲ್ಲೂ ಆ ಪ್ಯಾಂಟ್ರಿಯ ಚಹಾದ ಒಗರು ಇತ್ತು. ಲವೀನಾಗೆ ನಾನು ಏನೂ ಹೇಳಿರಲಿಲ್ಲ.

ಆ ಚಳಿಗಾಲ ನಾಕೌಟ್ ಪಂದ್ಯಾವಳಿಗೆಂದು ಮಾಲೀಕರು ಇಂಗ್ಲೆಂಡಿನಿಂದ ಬೆನ್ ಎಂಬ ಬೌಲರನನ್ನು ಒಂದು ತಿಂಗಳಿಗೆ ಕರೆಸಿದರು. ಅವನು ಕೌಂಟಿ ಆಟಗಾರ. ಕೌಂಟಿಯೆಂದರೆ ಅಲ್ಲಿನ ಜಿಲ್ಲೆ. ಜಿಲ್ಲಾ ತಂಡಗಳಲ್ಲಿ ಆಡುವುದೇ ಅಲ್ಲಿ ಪೂರ್ಣಾವಧಿ ಉದ್ಯೋಗ. ನೆಟ್ಸ್ ಮುಗಿದ ಮೇಲೆ ಬೂಟು ಬಿಚ್ಚುತ್ತಾ ತನ್ನ ಕಥೆ ಹೇಳಿದ. ಹನ್ನೊಂದನೇ ವಯಸ್ಸಿನಿಂದ ಅವನನ್ನು ಬೆಳೆಸಿದ್ದು ಒಂದು ಬಡ ಕೌಂಟಿ. ಹೆಸರು ಬಂದೊಡನೆ ದೊಡ್ಡ ಮೈದಾನ, ದೊಡ್ಡ ಹಣವಿರುವ ಕೌಂಟಿ ಎಳೆದುಕೊಂಡಿತು. ಮರುವರ್ಷ ಹಳೆಯ ಮೈದಾನಕ್ಕೆ ಎದುರಾಳಿಯಾಗಿ ಹೋದಾಗ, ಚಹಾ ಕೊಡುವ ಮುದುಕಿ ಉಳಿದ ಹತ್ತು ಮಂದಿಗೂ ಹೆಸರು ಹಿಡಿದು ಕೊಟ್ಟಳಂತೆ, ಇವನ ಮುಂದೆ ಮಾತಿಲ್ಲದೆ ಕಪ್ ಇಟ್ಟಳಂತೆ.

"ಎಲ್ಲರೂ ಹೋಗುತ್ತಾರೆ," ಎಂದ. "ನಾನು ಕೋಚ್‌ಗೆ ಆರು ತಿಂಗಳು ಮೊದಲೇ ಹೇಳಿದ್ದೆ. ಅವರೇ ಕೈಕುಲುಕಿ ಕಳಿಸಿದರು."

ಅವನ ಕಥೆಯಿಂದ ಸಮಾಧಾನ ತೆಗೆದುಕೊಳ್ಳಬಹುದೆಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಕೊನೆಯ ಮಾತು ಕೇಳಿ ಬೂಟಿನ ಲೇಸು ಬಿಚ್ಚುವುದರಲ್ಲಿ ಮಗ್ನನಾದೆ.

ಸೆಮಿಫೈನಲ್‌ನಲ್ಲಿ ನಮಗೆ ಎದುರಾದದ್ದು ನನ್ನ ಹಳೆಯ ಕಂಪನಿ. ನಾನು ಬ್ಯಾಟ್ ಹಿಡಿದು ಇಳಿದಾಗ ಸ್ಟಂಪ್‌ಗಳ ಹಿಂದೆ ಕೂತಿದ್ದವರು ಬಶೀರಾಕ. ಬೇರೆ ಕೀಪರ್ ಸಿಕ್ಕಿರಲಿಲ್ಲ. ಎರಡೂ ಮೊಣಕಾಲಿಗೆ ಪಟ್ಟಿ, ಗಡ್ಡದಲ್ಲಿ ಬಿಳಿ. ಪ್ರತಿ ಚೆಂಡಿಗೂ ಮುಂಚೆ ಕೈ ನೆಲಕ್ಕೂರಿ ಕೂರುತ್ತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ನಾನು ಹನ್ನೆರಡು ರನ್ನಿನಲ್ಲಿದ್ದಾಗ ಹೊರಗೆ ಹೋಗುವ ಚೆಂಡಿಗೆ ಬ್ಯಾಟ್ ತಾಗಿಸಿದೆ. ತೆಳ್ಳಗೆ, ಉಗುರಿನಷ್ಟು. ಅವರು ಬಲಕ್ಕೆ ಬಾಗಿ ಹಿಡಿದರು; ಹಿಡಿದು ಮೊಣಕಾಲಿನ ಮೇಲೆ ಬಿದ್ದರು. ಎಲ್ಲರೂ ಕೂಗಿದರು. ಅಂಪೈರಿಗೆ ಕೇಳಿಸಿರಲಿಲ್ಲ, ತಲೆ ಅಲ್ಲಾಡಿಸಿದರು.

ಔಟೆಂದು ಒಪ್ಪಿ ನಾನಾಗಿಯೇ ಹೊರಡಬಹುದಿತ್ತು. ಹೊರಡಲಿಲ್ಲ. ಚಾಪೆಯಿಲ್ಲದ ಆ ಹಸಿರು ಪಿಚ್ಚನ್ನು ಬ್ಯಾಟಿನಿಂದ ತಟ್ಟಿದೆ, ಅಲ್ಲೇನೋ ಉಬ್ಬಿದೆ ಎಂಬಂತೆ. ಬಶೀರಾಕ ಎದ್ದು ನಿಂತು ನನ್ನನ್ನು ಒಮ್ಮೆ ನೋಡಿ, ಚೆಂಡನ್ನು ಬೌಲರನಿಗೆ ಎಸೆದರು.

ನಾನು ಕೊನೆಯವರೆಗೂ ನಿಂತೆ. ಎರಡು ವಿಕೆಟ್ ಉಳಿದಿದ್ದಾಗ ಗೆದ್ದೆವು. ಆ ಕಂಪನಿಯ ಮಾಲೀಕ ಮರುವಾರವೇ ಕ್ರಿಕೆಟ್ ಖಲಾಸ್ ಎಂದನಂತೆ. ಆಡಲೆಂದು ತಂದವರ ವೀಸಾಗಳು ರದ್ದಾದವು. ಆ ಪಟ್ಟಿಯಲ್ಲಿ ಬಶೀರಾಕನ ಹೆಸರೂ ಸೇರಿತು. ಕೊಟ್ಟ ಮಾತು ಹುಸಿಯಾದ ಮೇಲೆ ಅವರ ಪರವಾಗಿ ಮಾತಾಡಲು ಸೂರಿ ಸಾಹೇಬರು ಮುಂದೆ ಬರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಂಗಳೂರಿನ ಮನೆಯಿಂದ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದೆ. ಬಶೀರಾಕ ತಮ್ಮ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಅಳತೆ ತೆಗೆಯುತ್ತಿದ್ದರು. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ. ಸ್ಟೂಲ್ ತೋರಿಸಿದರು, ಲಿಂಬೆ ಶರಬತ್ ತರಿಸಿದರು. ಅರ್ಧ ಗಂಟೆ ಮೊಣಕಾಲು, ಸೆಕೆ, ಸಿಮೆಂಟಿನ ರೇಟು ಮಾತಾಡಿದೆವು. ಕೊನೆಗೆ ನಾನು ಹೇಳಿದೆ, "ಬಶೀರಾಕ, ಆ ದಿನ ಬಾಲ್ ಬ್ಯಾಟಿಗೆ ತಾಗಿತ್ತು."

"ಗೊತ್ತುಂಟು. ಕೈಯಲ್ಲಿ ಹಿಡಿದದ್ದು ನಾನಲ್ವಾ?"

"ನನ್ನಿಂದ ತಪ್ಪಾಯ್ತು."

"ಅದು ಆಟ ಮಾರಾಯ. ಅಂಪೈರ್ ಕೊಡ್ಲಿಲ್ಲ, ನೀನು ಹೋಗ್ಲಿಲ್ಲ. ನಾನೂ ಎಷ್ಟೋ ಸಲ ಹೋಗ್ಲಿಲ್ಲ. ಅದನ್ನು ನಾನು ಅಲ್ಲೇ ಬಿಟ್ಟು ಬಂದೆ." ಪೈಪಿನ ತುದಿಯನ್ನು ಬೆರಳಿನಿಂದ ಒರೆಸಿದರು. "ಚಾ ಕುಡೀತಾ ಕೇಳಿದ್ನಲ್ಲ ನಿನ್ನತ್ರ, ಅದು ಬಿಡ್ಲಿಕ್ಕೆ ಆಗ್ಲಿಲ್ಲ. ಹೋಗ್ತೇನೆ ಅಂತ ಹೇಳಿದ್ರೆ ನಾನೇ ನಿನ್ನ ಬ್ಯಾಗ್ ಕಟ್ಟಿ ಕೊಡ್ತಿದ್ದೆ."

"ಹೆಂಡ್ತಿ, ಮಗಳು... ಅವರನ್ನು ಕರ್ಸ್ಲಿಕ್ಕೆ..." ಎಂದು ಶುರು ಮಾಡಿ ನಿಲ್ಲಿಸಿದೆ. ಹನ್ನೊಂದು ವರ್ಷ ಹೆಂಡತಿ ಮಕ್ಕಳನ್ನು ಇದೇ ಉಳ್ಳಾಲದಲ್ಲಿ ಬಿಟ್ಟು ಬಾಗಿಲ ಬಳಿ ಮಲಗಿದವರ ಎದುರು ಆ ವಾಕ್ಯವನ್ನು ಮುಗಿಸಲು ಬಾಯಿ ಬರಲಿಲ್ಲ.

ಹೊರಡುವಾಗ ಅವರೂ ಅಂಗಡಿಯ ಮೆಟ್ಟಿಲಿನವರೆಗೆ ಬಂದರು. "ಮುಂದಿನ ಸಲ ಮಗಳನ್ನು ಕರ್ಕೊಂಡು ಬಾ," ಎಂದರು. "ಯಾರಿಗೋಸ್ಕರ ಸುಳ್ಳು ಹೇಳಿದ್ದು ಅಂತ ನಾನೂ ಒಮ್ಮೆ ನೋಡ್ತೇನೆ." ಅದು ಬೈಗುಳವೋ ಕರೆಯೋ ಎಂದು ಅವರ ಮುಖ ನೋಡಿದೆ. ಎರಡೂ ಇತ್ತು.

ಅಬುಧಾಬಿಗೆ ಮರಳಿದ ವಾರ ಲವೀನಾಗೆ ಎಲ್ಲ ಹೇಳಿದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು. ನಾನು ಮುಗಿಸಿದ ಮೇಲೆ ಫ್ಲ್ಯಾಟಿನ ಗೋಡೆಗಳನ್ನೆಲ್ಲ ಒಮ್ಮೆ ನೋಡಿದಳು, ಯಾರದೋ ಮನೆಗೆ ಹೇಳದೆ ಬಂದವಳಂತೆ. ಮಗಳು ಹಾಲ್‌ನಲ್ಲಿ ಇಂಗ್ಲಿಷಿನಲ್ಲಿ ತನ್ನ ಗೊಂಬೆಯನ್ನು ಗದರಿಸುತ್ತಿದ್ದಳು.

ಈ ಡಿಸೆಂಬರಿಗೆ ಟಿಕೆಟ್ ಇನ್ನೂ ತೆಗೆದಿಲ್ಲ. ಇಲ್ಲಿ ನಮಗೊಂದು ಮನೆಯಿದೆ, ನನ್ನ ಕೈಗಳು ಚೆಂಡು ಹಿಡಿಯುವಷ್ಟು ದಿನ. ಅಲ್ಲಿ ಊರಿದೆ, ಉಳ್ಳಾಲಕ್ಕೆ ದಾಟುವ ನೇತ್ರಾವತಿ ಸೇತುವೆಯ ಈಚೆ ದಡದವರೆಗೆ.